ಜೇಬಿನ ಚಾಕು: ಹತ್ತಾರು ವರ್ಷದ ಒಡನಾಡಿಯ ಆರೈಕೆ

ಬೇಸಾಯದ ಉಪಕರಣಗಳೆಂದರೆ ನೇಗಿಲು, ಕುಂಟೆ, ಕೂರಿಗೆ, ಪಂಪ್‌ಸೆಟ್ಟು, ಸಿಂಪರಣಾ ಯಂತ್ರ ಇವೇ ಮೊದಲು ನೆನಪಿಗೆ ಬರುತ್ತವೆ. ಆದರೆ ತೋಟಗಾರನ ಕೈ ದಿನಕ್ಕೆ ಹತ್ತಾರು ಸಲ ಹುಡುಕುವ ಉಪಕರಣ ಇವುಗಳಲ್ಲಿ ಯಾವುದೂ ಅಲ್ಲ. ಅದು ಜೇಬಿನಲ್ಲಿರುವ ಮಡಿಸುವ ಚಾಕು. ಕಸಿ ಕಟ್ಟಲು, ಬಳ್ಳಿ ಕಟ್ಟಿದ ಹಗ್ಗ ಕೊಯ್ಯಲು, ಕಾಯಿಯೊಳಗೆ ಹುಳು ಹೊಕ್ಕಿದೆಯೇ ಎಂದು ಸೀಳಿ ನೋಡಲು, ಗೊಬ್ಬರದ ಚೀಲ ಬಿಚ್ಚಲು, ಮಧ್ಯಾಹ್ನ ಎಲೆಯ ಜೊತೆಗೆ ಅಡಿಕೆ ಹೆರೆಯಲು ಎಲ್ಲಕ್ಕೂ ಅದೇ ಬೇಕು. ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೂ 30 ವರ್ಷ ಜೇಬಿನಲ್ಲಿದ್ದ ಚಾಕು 9,000 ದಿನ ದುಡಿದಿರುತ್ತದೆ.

ಹೀಗೆ ಎರಡು ಮೂರು ದಶಕ ಒಂದೇ ಚಾಕುವನ್ನು ಇಟ್ಟುಕೊಂಡು ಬಂದ ರೈತರು ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಹಿಡಿ ನುಣುಪಾಗಿ, ಅಲಗು ಸವೆದು ಸಣ್ಣದಾಗಿದ್ದರೂ ಅವರು ಅದನ್ನು ಬಿಡುವುದಿಲ್ಲ. ಅದರ ತೂಕ, ಅದು ತೆರೆದುಕೊಳ್ಳುವ ಬಿಗಿ, ಕೊಯ್ಯುವಾಗ ಕೊಡಬೇಕಾದ ಒತ್ತು ಎಲ್ಲವೂ ಕೈಗೆ ಕಲಿತುಹೋಗಿರುತ್ತವೆ. ಅದೇ ಬೆಲೆಯ, ಅದೇ ಬಗೆಯ ಚಾಕು ಇನ್ನೊಬ್ಬರ ಕೈಯಲ್ಲಿ ಮೂರು ಮಳೆಗಾಲಕ್ಕೆ ತುಕ್ಕು ತಿಂದು ಹೋಗುವುದೂ ಉಂಟು. ವ್ಯತ್ಯಾಸ ಇರುವುದು ಅದೃಷ್ಟದಲ್ಲಲ್ಲ, ದಿನನಿತ್ಯದ ಆರೈಕೆಯಲ್ಲಿ. ಇದರ ಜೊತೆಗೆ ಇನ್ನೊಂದು ಮಾತನ್ನೂ ಗಮನಿಸಬೇಕು. ಹಳೆಯ ಮೆಚ್ಚಿನ ಚಾಕು ಒಂದು ಗಿಡದ ರೋಗವನ್ನು ಮತ್ತೊಂದು ಗಿಡಕ್ಕೆ ಸದ್ದಿಲ್ಲದೆ ಸಾಗಿಸಬಲ್ಲದು. ಆದ್ದರಿಂದ ಚಾಕುವಿನ ಆರೈಕೆ ಎಂದರೆ ತೋಟದ ಆರೈಕೆಯೂ ಹೌದು.

ಆಯ್ಕೆ ಹೇಗೆ?

ರೈತನ ಜೇಬಿಗೆಂದೇ ಮಾಡಿದ ಚಾಕುಗಳು ಹಲವು ದೇಶಗಳಲ್ಲಿವೆ. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಕುಶಲಕರ್ಮಿ 1890 ರಲ್ಲಿ ಮರದ ಹಿಡಿಯ ಸರಳವಾದ ಮಡಿಸುವ ಚಾಕುವನ್ನು ರೂಪಿಸಿದ. ಅಲಗು, ಮರದ ಹಿಡಿ, ಕೀಲು ಹೀಗೆ ಅದರ ಭಾಗಗಳು ಕೆಲವೇ. ತೆರೆದ ಅಲಗು ಬೆರಳಿನ ಮೇಲೆ ಮಡಿಸಿಕೊಳ್ಳದಂತೆ ತಡೆಯುವ ತಿರುಗುವ ಬಳೆಯನ್ನು 1955 ರಲ್ಲಿ ಸೇರಿಸಲಾಯಿತು. ಆ ಚಾಕು ಇಂದಿಗೂ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಿದೆ. ಭಾಗಗಳು ಕಡಿಮೆಯಿದ್ದಷ್ಟೂ ಕೆಡುವುದು ಕಡಿಮೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಚಾಕು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಉಕ್ಕು. ಇಂಗಾಲದ ಉಕ್ಕಿನ ಅಲಗು ಬೇಗ ಹರಿತವಾಗುತ್ತದೆ, ಕಲ್ಲಿನ ಮೇಲೆ ಸುಲಭವಾಗಿ ಮಸೆಯಲು ಬರುತ್ತದೆ. ಆದರೆ ತೇವ ತಗಲಿದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇಕಡ 10.5 ಕ್ಕಿಂತ ಹೆಚ್ಚು ಕ್ರೋಮಿಯಂ ಇರುವುದರಿಂದ ತುಕ್ಕು ಕಡಿಮೆ. ಆದರೆ ಅಗ್ಗದ ಸ್ಟೇನ್‌ಲೆಸ್ ಅಲಗುಗಳು ಮೆತ್ತಗಿದ್ದು ಬಹಳ ಬೇಗ ಮೊಂಡಾಗುತ್ತವೆ. ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಒಳ್ಳೆಯ ಸ್ಟೇನ್‌ಲೆಸ್ ಚಾಕು ಅನುಕೂಲ. ಬಯಲುಸೀಮೆಯಲ್ಲಿ, ದಿನವೂ ಒರೆಸಿ ಎಣ್ಣೆ ಸವರುವ ಅಭ್ಯಾಸವಿದ್ದವರಿಗೆ ಇಂಗಾಲದ ಉಕ್ಕೇ ಮೇಲು.

ಎರಡನೆಯದಾಗಿ, ಕಸಿಗೆ ಬಳಸುವ ಚಾಕುವಿನ ಅಲಗು ಒಂದೇ ಬದಿಯಲ್ಲಿ ಇಳಿಜಾರಾಗಿದ್ದು ಇನ್ನೊಂದು ಬದಿ ಮಟ್ಟಸವಾಗಿರುತ್ತದೆ. ಮಟ್ಟಸವಾದ ಬದಿ ಕೊಂಬೆಗೆ ತಾಗಿ ಸಾಗುವುದರಿಂದ ಕೊಯ್ತ ನೇರವಾಗಿ ಬರುತ್ತದೆ. ಬಲಗೈಯವರ ಚಾಕು ಎಡಗೈಯವರಿಗೆ ಒಗ್ಗುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಚಾಕುವನ್ನು ತೆರೆದು ಅಲಗನ್ನು ಅತ್ತಿತ್ತ ಅಲುಗಿಸಿ ನೋಡಬೇಕು. ಕೀಲು ಸಡಿಲವಿದ್ದರೆ ಕೊಳ್ಳಕೂಡದು.

ಹರಿತ ಏಕೆ ಮುಖ್ಯ?

ಕಸಿಯಲ್ಲಿ ಬೇರುಸಸಿ ಮತ್ತು ಕಸಿಕೊಂಬೆ ಒಂದಾಗುವುದು ತೊಗಟೆಯ ಕೆಳಗಿರುವ ಕ್ಯಾಂಬಿಯಂ ಎಂಬ ತೆಳು ಪದರದ ಮೂಲಕ. ಹರಿತವಾದ ಚಾಕು ಈ ಪದರವನ್ನು ನುಣುಪಾಗಿ ಕೊಯ್ಯುತ್ತದೆ. ಮೊಂಡಾದ ಚಾಕು ಅದನ್ನು ಜಜ್ಜುತ್ತದೆ. ಜಜ್ಜಿದ ಜೀವಕೋಶಗಳು ಸಾಯುತ್ತವೆ, ಕೊಯ್ದ ಮುಖ ಏರುತಗ್ಗಾಗುತ್ತದೆ, ಎರಡು ಮುಖಗಳ ನಡುವೆ ಗಾಳಿ ಉಳಿದು ಒಣಗುತ್ತದೆ. ಮಾವು ಮತ್ತು ಗೇರಿನ ಮೃದುಕಾಂಡ ಕಸಿಯಲ್ಲಿ ಸುಮಾರು 4 ಸೆಂಟಿಮೀಟರ್ ಉದ್ದದ ಬೆಣೆಯಾಕಾರದ ಕೊಯ್ತವನ್ನು ಪ್ರತಿ ಬದಿಗೂ ಒಂದೇ ಎಳೆತದಲ್ಲಿ ಮುಗಿಸಬೇಕು. ಎರಡು ಮೂರು ಸಲ ಹೆರೆಯಬೇಕಾಗಿ ಬಂದರೆ ಚಾಕು ಮೊಂಡಾಗಿದೆ ಎಂದೇ ಅರ್ಥ. ಕಸಿ ಹತ್ತದಿದ್ದಾಗ ಕೊಂಬೆಯನ್ನೋ ಹವೆಯನ್ನೋ ದೂರುವ ಮೊದಲು ಚಾಕುವಿನ ಬಾಯಿಯನ್ನು ನೋಡುವುದು ಲೇಸು.

ಮೊಂಡಾದ ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗ ಅದು ಜಾರಿ ಎಡಗೈ ಹೆಬ್ಬೆರಳಿಗೆ ತಗಲುತ್ತದೆ. ಹೀಗಾಗಿ ಹರಿತವಾದ ಚಾಕುವಿಗಿಂತ ಮೊಂಡು ಚಾಕುವಿನಿಂದಲೇ ಗಾಯದ ಭಯ ಹೆಚ್ಚು.

ಮಸೆಯುವ ವಿಧಾನ

ಮಸೆಯಲು ಎರಡು ಮುಖದ ಕಲ್ಲು ಸಾಕು. ಒರಟು ಮುಖವನ್ನು ಬಾಯಿ ಮುಕ್ಕಾದಾಗ ಮಾತ್ರ ಬಳಸಬೇಕು. ದಿನಬಳಕೆಗೆ ನಯವಾದ ಮುಖವೇ ಸರಿ.

1. ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಗೋಣಿ ತಾಟಿನ ಮೇಲೆ ಜಾರದಂತೆ ಇಡಬೇಕು.

2. ಸಾಮಾನ್ಯ ಚಾಕುವಾದರೆ ಅಲಗಿನ ಬೆನ್ನನ್ನು ಕಲ್ಲಿನಿಂದ ಅಲಗಿನ ಅಗಲದ ಮೂರನೆಯ ಒಂದು ಭಾಗದಷ್ಟು ಎತ್ತಿ ಹಿಡಿಯಬೇಕು. ಅಲಗು 18 ಮಿಲಿಮೀಟರ್ ಅಗಲವಿದ್ದರೆ ಬೆನ್ನು 6 ಮಿಲಿಮೀಟರ್ ಮೇಲಿರಬೇಕು. ಇದು ಸುಮಾರು 20 ಡಿಗ್ರಿ ಕೋನವಾಗುತ್ತದೆ.

3. ಬುಡದಿಂದ ತುದಿಯವರೆಗೆ ಒಂದೇ ಕೋನದಲ್ಲಿ, ಹಗುರವಾದ ಒತ್ತಿನಿಂದ ಎಳೆಯಬೇಕು. ಎರಡೂ ಬದಿಗೆ ಸಮನಾಗಿ ಎಳೆತಗಳಿರಬೇಕು.

4. ಕಸಿ ಚಾಕುವಾದರೆ ಇಳಿಜಾರು ಬದಿಯನ್ನು ಮಾತ್ರ, ಅದಕ್ಕಿರುವ ಕೋನದಲ್ಲಿಯೇ ಮಸೆಯಬೇಕು. ಇನ್ನೊಂದು ಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಮಟ್ಟಸವಾಗಿಟ್ಟು ಒಂದೆರಡು ಸಲ ಎಳೆದು, ಬಾಯಿಯ ಮೇಲೆ ಎದ್ದ ತೆಳು ಸಿಬಿರನ್ನು ತೆಗೆದರೆ ಸಾಕು.

5. ಕೊನೆಗೆ ಹಳೆಯ ತೊಗಲು ಪಟ್ಟಿಯ ಮೇಲೆ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಹತ್ತು ಸಲ ಎಳೆಯಬೇಕು.

ಹರಿತ ಬಂದಿದೆಯೇ ಎಂದು ಬೆರಳಿನಿಂದ ನೋಡಬಾರದು. ಒಂದು ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದಾಗ ಹರಿಯದೆ ಸೀಳಿದರೆ ಚಾಕು ಸಿದ್ಧವಾಗಿದೆ.

ವಿದ್ಯುತ್ ಸಾಣೆಯ ಚಕ್ರಕ್ಕೆ ಒಳ್ಳೆಯ ಚಾಕುವನ್ನು ಕೊಡುವಾಗ ಎಚ್ಚರ ಬೇಕು. ಚಕ್ರದ ಉಜ್ಜಾಟದಿಂದ ಅಲಗಿನ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ನೀಲಿಬಣ್ಣಕ್ಕೆ ತಿರುಗಿದರೆ ಶಾಖ ಸುಮಾರು 300 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದೆ ಎಂದು ತಿಳಿಯಬೇಕು. ಇಂಗಾಲದ ಉಕ್ಕಿನಲ್ಲಿ ಆ ಭಾಗದ ಹದ ಹೋಗಿ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಸಾಣೆ ಹಿಡಿಸಲೇಬೇಕಾದರೆ ಅಲಗನ್ನು ಪದೇ ಪದೇ ನೀರಿಗೆ ಅದ್ದಿ ತಣಿಸುವಂತೆ ಹೇಳಬೇಕು.

ಹಳೆಯ ಚಾಕುವಿನಲ್ಲಿ ಕಾಣುವ ಇನ್ನೊಂದು ತೊಂದರೆಯಿದೆ. ವರ್ಷಕ್ಕೆ 0.2 ಮಿಲಿಮೀಟರ್ ಸವೆದರೂ 30 ವರ್ಷದಲ್ಲಿ ಅಲಗಿನ ಅಗಲ 6 ಮಿಲಿಮೀಟರ್ ಕಡಿಮೆಯಾಗುತ್ತದೆ. ಅಲಗು ಬೆನ್ನಿನ ಕಡೆಗೆ ದಪ್ಪವಾಗುತ್ತಾ ಹೋಗುವುದರಿಂದ ಬಾಯಿ ಹಿಂದೆ ಸರಿದಂತೆಲ್ಲ ದಪ್ಪವಾದ ಭಾಗಕ್ಕೆ ಬರುತ್ತದೆ. ಆಗ ಚಾಕು ಹರಿತವಿದ್ದರೂ ಕೊಯ್ತದಲ್ಲಿ ಇಳಿಯುವುದಿಲ್ಲ. ಇದಕ್ಕೆ ಪರಿಹಾರ, ವರ್ಷಕ್ಕೊಮ್ಮೆ ಬೆನ್ನನ್ನು ಕಲ್ಲಿಗೆ ಇನ್ನಷ್ಟು ಹತ್ತಿರ ಹಿಡಿದು ಬಾಯಿಯ ಮೇಲ್ಭಾಗವನ್ನು ತೆಳುವಾಗಿಸುವುದು. ಕೀಲಿನ ಬಳಿ ಹರಿತವಿಲ್ಲದೆ ಬಿಟ್ಟಿರುವ ಗಟ್ಟಿ ಭಾಗವನ್ನು ಮಾತ್ರ ಮಸೆಯಲೇಬಾರದು. ಸ್ಪ್ರಿಂಗ್ ಇರುವ ಚಾಕುಗಳಲ್ಲಿ ಮಡಿಸಿದ ಅಲಗನ್ನು ತಡೆದು ನಿಲ್ಲಿಸುವುದು ಆ ಭಾಗವೇ. ಅದು ಸವೆದರೆ ಬಾಯಿ ಒಳಗಿನ ಸ್ಪ್ರಿಂಗ್‌ಗೆ ಬಡಿದು ಪ್ರತಿಸಲವೂ ಮೊಂಡಾಗುತ್ತದೆ.

ತುಕ್ಕು, ಅಂಟು ಮತ್ತು ಕೀಲು

ಅಡಿಕೆ, ಮಾವು, ಬಾಳೆಕಾಯಿ ಕೊಯ್ದಾಗ ಇಂಗಾಲದ ಉಕ್ಕಿನ ಅಲಗು ಕಪ್ಪಾಗುತ್ತದೆ. ಇವುಗಳ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಈ ಕಪ್ಪು ಬಣ್ಣ ಬರುತ್ತದೆ. ಇದು ತುಕ್ಕಲ್ಲ, ಇದನ್ನು ಉಜ್ಜಿ ಬೆಳ್ಳಗೆ ಮಾಡುವ ಅಗತ್ಯವಿಲ್ಲ. ಕೆಂಪು ಪುಡಿಯಾಗಿ ಕೈಗೆ ಹತ್ತುವುದು ತುಕ್ಕು. ಅದನ್ನು ಕಂಡ ದಿನವೇ ನಯವಾದ ಮರಳು ಕಾಗದಕ್ಕೆ ಎಣ್ಣೆ ಹಾಕಿ ಉಜ್ಜಿ ತೆಗೆಯಬೇಕು. ಬಿಟ್ಟರೆ ಅಲಗಿನಲ್ಲಿ ಗುಳಿ ಬೀಳುತ್ತದೆ. ಗುಳಿ ಬಾಯಿಯವರೆಗೆ ಬಂದರೆ ಹರಿತ ನಿಲ್ಲುವುದಿಲ್ಲ.

ರಸಗೊಬ್ಬರದ ಚೀಲ ಕೊಯ್ದ ಚಾಕುವನ್ನು ಹಾಗೆಯೇ ಮಡಿಸಿ ಜೇಬಿಗೆ ಹಾಕಕೂಡದು. ಮ್ಯುರಿಯೇಟ್ ಆಫ್ ಪೊಟ್ಯಾಷ್ ಉಪ್ಪಿನಂತೆಯೇ ತೇವವನ್ನು ಹಿಡಿದು ಉಕ್ಕನ್ನು ಬೇಗ ತಿನ್ನುತ್ತದೆ. ಹಲಸಿನ ಮೇಣಕ್ಕೆ ಕೊಯ್ಯುವ ಮೊದಲೇ ಅಲಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಅಂಟುವುದಿಲ್ಲ.

ಕೀಲಿನಲ್ಲಿ ಜೇಬಿನ ನೂಲು, ಮಣ್ಣು, ಎಲೆಯ ಚೂರು ಸೇರಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಕಡ್ಡಿಯಿಂದ ಕೆದಕಿ ತೆಗೆದು, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಒಂದು ಹನಿ ಬಿಡಬೇಕು. ಅಡುಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಗಟ್ಟಿಯಾಗಿ ಕೀಲನ್ನು ಅಂಟಿಸುವುದರಿಂದ ಅವು ಕೀಲಿಗೆ ಬೇಡ. ಅಲಗಿನಿಂದ ಹಣ್ಣು ಅಡಿಕೆ ಕೊಯ್ಯುವ ಕಾರಣ ಅಲಗಿಗೆ ಮಾತ್ರ ಕೊಬ್ಬರಿ ಎಣ್ಣೆ. ಮರದ ಹಿಡಿಯ ಚಾಕು ಮಳೆಯಲ್ಲಿ ನೆನೆದು ಉಬ್ಬಿ ತೆರೆಯಲು ಬಿಗಿಯಾದರೆ ಹಲ್ಲಿನಿಂದಾಗಲಿ ಇಕ್ಕಳದಿಂದಾಗಲಿ ಎಳೆಯದೆ ನೆರಳಿನಲ್ಲಿ ಒಣಗಲು ಬಿಡಬೇಕು.

ಚಾಕುವಿನಿಂದ ಹರಡುವ ರೋಗಗಳು

ರೋಗಪೀಡಿತ ಗಿಡವನ್ನು ಕೊಯ್ದಾಗ ಅದರ ರಸ ಅಲಗಿನ ಮೇಲೆ ಉಳಿಯುತ್ತದೆ. ಮುಂದಿನ ಗಿಡದಲ್ಲಿ ಚಾಕು ಮಾಡುವ ಹಸಿಗಾಯ ಆ ರೋಗಾಣುವಿಗೆ ತೆರೆದ ಬಾಗಿಲು. ಇದರಿಂದ ಹರಡುವ ಕೆಲವು ಮುಖ್ಯ ರೋಗಗಳು ಇವು.

ನಿಂಬೆ ಜಾತಿಯ ಎಕ್ಸೋಕಾರ್ಟಿಸ್ ರೋಗ: ವೈರಸ್ಸಿಗಿಂತಲೂ ಚಿಕ್ಕದಾದ ವೈರಾಯ್ಡ್ ಎಂಬ ಕಣದಿಂದ ಬರುತ್ತದೆ. ಕಿತ್ತಳೆ, ಮೋಸಂಬಿಗೆ ಬೇರುಸಸಿಯಾಗಿ ಬಳಸುವ ರಂಗಪುರ ನಿಂಬೆ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ತೊಗಟೆ ಬಿರಿದು ಗಿಡ ಕುಳ್ಳಾಗುತ್ತದೆ. ಕಸಿ ಚಾಕುವಿನಿಂದ ಇದು ಹರಡುವುದೆಂದು 1960 ರ ದಶಕದಲ್ಲಿಯೇ ತೋರಿಸಲಾಯಿತು. ಲಕ್ಷಣ ಕಾಣಲು ಹಲವು ವರ್ಷ ಬೇಕಾಗುವುದರಿಂದ ತಪ್ಪು ಎಲ್ಲಿ ಆಯಿತೆಂದು ರೈತನಿಗೆ ತಿಳಿಯುವುದೇ ಇಲ್ಲ.

ದಾಳಿಂಬೆಯ ದುಂಡಾಣು ಅಂಗಮಾರಿ ರೋಗ: ಉತ್ತರ ಕರ್ನಾಟಕದ ದಾಳಿಂಬೆ ತೋಟಗಳಿಗೆ ಭಾರಿ ನಷ್ಟ ತಂದ ರೋಗ. ಮಳೆಹನಿ, ಗಾಳಿ ಮತ್ತು ರೋಗವಿರುವ ಸಸಿಗಳ ಜೊತೆಗೆ ಚಾಟನಿಯ ಕತ್ತರಿ, ಚಾಕುಗಳಿಂದಲೂ ಹರಡುತ್ತದೆ.

ಕಬ್ಬಿನ ರಟೂನ್ ಸ್ಟಂಟಿಂಗ್ ರೋಗ: ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1940 ರ ದಶಕದಲ್ಲಿ ಮೊದಲು ಗುರುತಿಸಲಾಯಿತು. ಹೊರಗೆ ಎದ್ದು ಕಾಣುವ ಲಕ್ಷಣವಿಲ್ಲದೆ ಕುಳೆ ಬೆಳೆ ಕುಗ್ಗುತ್ತಾ ಹೋಗುತ್ತದೆ. ಕಬ್ಬು ಕಡಿಯುವ ಮತ್ತು ಬಿತ್ತನೆ ತುಂಡು ಮಾಡುವ ಕತ್ತಿಯೇ ಇದರ ಮುಖ್ಯ ವಾಹಕ.

ಆಲೂಗಡ್ಡೆ ಮತ್ತು ಶುಂಠಿಯ ದುಂಡಾಣು ಸೊರಗು ರೋಗ: ಬಿತ್ತನೆ ಗೆಡ್ಡೆಗಳನ್ನು ಹೋಳು ಮಾಡುವಾಗ ಒಂದು ರೋಗದ ಗೆಡ್ಡೆಯಿಂದ ಮುಂದಿನ ಗೆಡ್ಡೆಗಳಿಗೆ ಚಾಕುವಿನ ಮೂಲಕ ದಾಟುತ್ತದೆ.

ಎಲ್ಲ ರೋಗಕ್ಕೂ ಚಾಕುವೇ ಕಾರಣವಲ್ಲ ಎಂಬುದನ್ನೂ ತಿಳಿದಿರಬೇಕು. ಬಾಳೆಯ ಗೊಂಚಲು ತಲೆ ರೋಗ ಹರಡುವುದು ಸಸ್ಯಹೇನು ಮತ್ತು ರೋಗವಿರುವ ಕಂದುಗಳಿಂದ. ನಿಂಬೆ ಜಾತಿಯ ಗ್ರೀನಿಂಗ್ ರೋಗ ಹರಡುವುದು ಸಿಲ್ಲಿಡ್ ಕೀಟ ಮತ್ತು ರೋಗವಿರುವ ಕಣ್ಣುಗಳಿಂದ. ಕಸಿಕೊಂಬೆಯಲ್ಲೇ ರೋಗವಿದ್ದರೆ ಚಾಕುವನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮೊದಲು ಆರೋಗ್ಯವಂತ ತಾಯಿಗಿಡ, ಅನಂತರ ಶುದ್ಧ ಚಾಕು.

ಚಾಕುವನ್ನು ಶುದ್ಧಿ ಮಾಡುವ ಕ್ರಮ

ಮೊದಲು ಅಲಗಿನ ಮೇಲಿನ ರಸ, ಮಣ್ಣನ್ನು ಬಟ್ಟೆಯಿಂದ ಒರೆಸಬೇಕು. ಕೊಳೆ ಇದ್ದರೆ ಔಷಧಿ ಕೆಲಸ ಮಾಡುವುದಿಲ್ಲ.

ಸಾಮಾನ್ಯ ಶಿಲೀಂಧ್ರ, ದುಂಡಾಣುಗಳಿಗೆ ಶೇಕಡ 70 ರ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಲಗನ್ನು ಒರೆಸಿ ಆರಲು ಬಿಡಬಹುದು. ಇದರಿಂದ ತುಕ್ಕು ಹಿಡಿಯುವುದಿಲ್ಲ. ಸ್ಪಿರಿಟ್ ಹಚ್ಚಿದ ಅಲಗನ್ನು ಬೆಂಕಿಗೆ ಹಿಡಿಯುವುದು ಬೇಡ. ಅಪಾಯದ ಜೊತೆಗೆ ಉಕ್ಕಿನ ಹದವೂ ಕೆಡುತ್ತದೆ. ಎಕ್ಸೋಕಾರ್ಟಿಸ್ ವೈರಾಯ್ಡಿಗಂತೂ ಸ್ಪಿರಿಟ್ಟಾಗಲಿ ಜ್ವಾಲೆಯಾಗಲಿ ಸಾಲದು.

ನಿಂಬೆ ಜಾತಿಯ ಕಸಿ ಮತ್ತು ದಾಳಿಂಬೆ ಚಾಟನಿಗೆ ಶೇಕಡ 1 ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸೂಕ್ತ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚಿನ ಶೀಶೆಯ ಮೇಲೆ ಶೇಕಡ 4 ಎಂದಿದ್ದರೆ 1 ಪಾಲಿಗೆ 3 ಪಾಲು ನೀರು ಸೇರಿಸಬೇಕು. ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ ನೆರಳಿನಲ್ಲಿಡಬೇಕು. ಬಿಸಿಲಿಗೆ ಅದು ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ಆಮ್ಲದೊಡನೆ ಅಥವಾ ಶೌಚಾಲಯ ತೊಳೆಯುವ ದ್ರವದೊಡನೆ ಎಂದಿಗೂ ಬೆರೆಸಕೂಡದು, ವಿಷಾನಿಲ ಏಳುತ್ತದೆ.

ಬ್ಲೀಚು ಉಕ್ಕನ್ನು ತಿನ್ನುವುದರಿಂದ ಎರಡು ಡಬ್ಬಿಗಳನ್ನು ಇಟ್ಟುಕೊಳ್ಳಬೇಕು: ಒಂದರಲ್ಲಿ ದ್ರಾವಣ, ಇನ್ನೊಂದರಲ್ಲಿ ಶುದ್ಧ ನೀರು. ದ್ರಾವಣದಲ್ಲಿ ಅದ್ದಿದ ಅಲಗನ್ನು ನೀರಿನಲ್ಲಿ ತೊಳೆದು ಮುಂದಿನ ಗಿಡಕ್ಕೆ ಹೋಗಬೇಕು. ದಾಳಿಂಬೆಯಲ್ಲಿ ಗಿಡದಿಂದ ಗಿಡಕ್ಕೆ, ಕಸಿಯಲ್ಲಿ ಕನಿಷ್ಠಪಕ್ಷ ಒಂದು ತಾಯಿಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಇದನ್ನು ತಪ್ಪಿಸಬಾರದು. ಎರಡು ಚಾಕುಗಳಿದ್ದರೆ ಒಂದು ನೆನೆಯುತ್ತಿರುವಾಗ ಮತ್ತೊಂದು ದುಡಿಯುತ್ತದೆ. ಸಂಜೆ ತೊಳೆದು, ಒರೆಸಿ, ಎಣ್ಣೆ ಸವರಿದರೆ ಹಳೆಯ ಚಾಕುವಿಗೂ ಧಕ್ಕೆಯಿಲ್ಲ.

ಮೆಚ್ಚಿನ ಚಾಕುವಿಗೆ ತುಕ್ಕು ಹಿಡಿದೀತೆಂದು ಬ್ಲೀಚು ಮುಟ್ಟಿಸದವರು ಈ ಕೆಲಸಕ್ಕೆ ಬೇರೊಂದು ಅಗ್ಗದ ಚಾಕುವನ್ನು ಇಟ್ಟುಕೊಳ್ಳಬಹುದು. ಆದರೆ ಶುದ್ಧಿಯನ್ನು ಬಿಡುವುದು ಸರಿಯಲ್ಲ. ಚಾಕು 30 ವರ್ಷ ಉಳಿದು, ಅದು ಕೊಯ್ದ ಗಿಡ 8 ವರ್ಷಕ್ಕೆ ಹೋದರೆ ಲಾಭವೇನು?

ಮನುಷ್ಯರ ಸುರಕ್ಷತೆ

ಕೀಟನಾಶಕ, ಕಳೆನಾಶಕಗಳ ಪೊಟ್ಟಣವನ್ನು ಜೇಬಿನ ಚಾಕುವಿನಿಂದ ಕೊಯ್ಯಲೇಕೂಡದು. ಅದೇ ಚಾಕು ಮಧ್ಯಾಹ್ನ ಸೀಬೆಹಣ್ಣು ಕೊಯ್ದು ಮಗುವಿನ ಕೈಗೆ ಕೊಡುತ್ತದೆ. ಔಷಧಿ ಇಡುವ ಜಾಗದಲ್ಲಿಯೇ ಒಂದು ಕತ್ತರಿಯನ್ನು ದಾರದಿಂದ ಕಟ್ಟಿ ತೂಗುಹಾಕಿದರೆ ಈ ತಪ್ಪು ನಡೆಯುವುದಿಲ್ಲ.

ತಡೆ ಇಲ್ಲದ ಮಡಿಸುವ ಚಾಕುವಿನ ತುದಿಯಿಂದ ಚುಚ್ಚಬಾರದು, ಮೀಟಬಾರದು; ಅಲಗು ಮಡಿಸಿಕೊಂಡು ಬೆರಳನ್ನು ಕೊಯ್ಯುತ್ತದೆ. ಚಾಕುವನ್ನು ತೆರೆದಿರುವಂತೆಯೇ ಇನ್ನೊಬ್ಬರ ಕೈಗೆ ಕೊಡಬಾರದು. ಮಡಿಸಿ ಕೊಡಬೇಕು, ಇಲ್ಲವೆ ಕೆಳಗಿಟ್ಟು ಅವರು ಎತ್ತಿಕೊಳ್ಳಲು ಬಿಡಬೇಕು. ಮಣ್ಣು ಮೆತ್ತಿದ ಚಾಕುವಿನಿಂದ ಗಾಯವಾದರೆ ಸಾಬೂನು ಮತ್ತು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಗಾಯಕ್ಕೆ ಮಣ್ಣು, ಸಗಣಿ, ಸುಣ್ಣ ಹಚ್ಚಬಾರದು.

ಹಳೆಯ ಚಾಕುಗಳು ಮುರಿದು ಹೋಗುವುದಕ್ಕಿಂತ ಕಳೆದುಹೋಗುವುದೇ ಹೆಚ್ಚು. ಹಿಡಿಗೆ ಕೆಂಪು ಇಲ್ಲವೆ ಹಳದಿ ದಾರ ಕಟ್ಟಿದರೆ ಹುಲ್ಲಿನಲ್ಲಿ ಬಿದ್ದರೂ ಕಣ್ಣಿಗೆ ಬೀಳುತ್ತದೆ. ವಿಮಾನ ಪ್ರಯಾಣದಲ್ಲಿ ಜೇಬಿನಲ್ಲಾಗಲಿ ಕೈಚೀಲದಲ್ಲಾಗಲಿ ಚಾಕು ಒಯ್ಯುವಂತಿಲ್ಲವಾದ್ದರಿಂದ ಹೊರಡುವ ಮೊದಲು ಅದನ್ನು ಮನೆಯಲ್ಲಿಡಬೇಕು.

ವರ್ಷಕ್ಕೊಂದು ದಿನ

ಮಹಾನವಮಿಯ ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲುಗಳ ಜೊತೆಗೆ ಜೇಬಿನ ಚಾಕುವನ್ನೂ ತೊಳೆದಿಟ್ಟು ಪೂಜಿಸುವ ಮನೆಗಳಿವೆ. ಚಾಕುವಿನ ವರ್ಷದ ತಪಾಸಣೆಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಆ ಹೊತ್ತಿಗೆ ಮುಂಗಾರು ಮುಗಿದು ಮಳೆಗಾಲದ ತುಕ್ಕು ಕಣ್ಣಿಗೆ ಕಾಣುತ್ತಿರುತ್ತದೆ. ದಾಳಿಂಬೆಯ ಹಸ್ತ ಬಹಾರ್ ಚಾಟನಿಯೂ ಹತ್ತಿರದಲ್ಲೇ ಇರುತ್ತದೆ. ಹಿಂದಿನ ದಿನವೇ ಕೀಲು ಶುಚಿಮಾಡಿ, ಅಲಗನ್ನು ತೆಳುಮಾಡಿ ಮಸೆದು, ಹಿಡಿಯ ಬಿರುಕು, ಸಡಿಲವಾದ ಮೊಳೆಗಳನ್ನು ನೋಡಿ ಸರಿಪಡಿಸಬೇಕು. ಮರದ ಹಿಡಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒಣಗಿಸಬೇಕು. ಪೂಜೆಯಲ್ಲಿ ಹಚ್ಚಿದ ಅರಿಸಿನ ಕುಂಕುಮ, ಹೂವಿನ ತೇವ ಅಲಗಿನ ಮೇಲೆ ಉಳಿದರೆ ತುಕ್ಕು ಹಿಡಿಯುವುದರಿಂದ ವಿಜಯದಶಮಿಯ ಬೆಳಿಗ್ಗೆ ಒರೆಸಿ ಎಣ್ಣೆ ಸವರಬೇಕು.

ಅದೇ ದಿನ ಮನೆಯ ಬೆಳೆದ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಸೆಯುವ ಕೋನ, ಅದ್ದುವ ಡಬ್ಬಿ, ಮಡಿಸುವ ಕ್ರಮಗಳನ್ನು ಹೇಳಿಕೊಡುವುದು ಒಳ್ಳೆಯದು. ಚಾಕುವನ್ನು ಮುಂದಿನವರಿಗೆ ಕೊಡುವುದು ಸುಲಭ. ಅದನ್ನು ಉಳಿಸಿದ ಅಭ್ಯಾಸವನ್ನೂ ಜೊತೆಗೆ ಕೊಟ್ಟರೆ ಮಾತ್ರ ಅದು ಇನ್ನೊಂದು 30 ವರ್ಷ ದುಡಿಯುತ್ತದೆ.

ನೆನಪಿಡಬೇಕಾದ ಅಂಶಗಳು

ದಿನವೂ: ಒರೆಸಿ, ಒಣಗಿಸಿ ಮಡಿಸುವುದು, ಇಂಗಾಲದ ಉಕ್ಕಾದರೆ ಎಣ್ಣೆ ಸವರುವುದು.

ಗಿಡದಿಂದ ಗಿಡಕ್ಕೆ: ಒರೆಸುವುದು, ದ್ರಾವಣದಲ್ಲಿ ಅದ್ದುವುದು, ನೀರಿನಲ್ಲಿ ತೊಳೆಯುವುದು.

ವಾರಕ್ಕೊಮ್ಮೆ: ನಯವಾದ ಕಲ್ಲಿನ ಮೇಲೆ ಮಸೆಯುವುದು, ಕಸಿಯ ಕಾಲದಲ್ಲಿ ದಿನವೂ ತೊಗಲು ಪಟ್ಟಿಯ ಮೇಲೆ ಎಳೆಯುವುದು.

ತಿಂಗಳಿಗೊಮ್ಮೆ: ಕೀಲು ಶುಚಿಮಾಡಿ ಒಂದು ಹನಿ ಎಣ್ಣೆ ಬಿಡುವುದು.

ವರ್ಷಕ್ಕೊಮ್ಮೆ: ಆಯುಧಪೂಜೆಯ ಮುನ್ನಾದಿನ ಪೂರ್ತಿ ತಪಾಸಣೆ.